ಬೂಟಿನ ಆಯಸ್ಸು ವರ್ಷದ ಲೆಕ್ಕವಲ್ಲ, ಗಂಟೆಯ ಲೆಕ್ಕ

ಹೋದ ತಿಂಗಳು ಪರಿಚಯದ ಹುಡುಗನೊಬ್ಬ ವಾಟ್ಸಾಪ್‌ನಲ್ಲಿ ಒಂದು ಲಿಂಕ್ ಕಳಿಸಿದ. ಬೆಂಗಳೂರಿನ ಕೆಲಸ ಬಿಟ್ಟು ಊರಿಗೆ ಬಂದು ಅಪ್ಪನ ಎರಡು ಎಕರೆ ಅಡಿಕೆ ತೋಟ ನೋಡಿಕೊಳ್ಳುತ್ತಿರುವವ. ಲಿಂಕ್ ತೆರೆದರೆ ವಿದೇಶದ ಒಂದು ಹಂಟಿಂಗ್ ಬೂಟು, ಬೆಲೆ 18,000 ರೂಪಾಯಿ. ಕೆಳಗೆ ಅವನ ಪ್ರಶ್ನೆ: ‘ಅಣ್ಣಾ, ಇದು ಹತ್ತು ವರ್ಷ ಬಾಳಿಕೆ ಬರ್ತದಂತೆ. ಒಂದ್ಸಲ ದುಡ್ಡು ಹಾಕಿದ್ರೆ ಮುಗೀತು. ತಗೊಳ್ಲಾ?’

‘ಬೇಡ ಮಾರಾಯ’ ಅಂತ ಉತ್ತರ ಕಳಿಸಿದೆ. ‘ಯಾಕೆ?’ ಅಂದ. ಯಾಕೆ ಅಂತ ಬರೆಯಲು ಕೂತರೆ ಅದು ಒಂದು ಮೆಸೇಜಿನಲ್ಲಿ ಮುಗಿಯುವ ವಿಷಯವಾಗಿರಲಿಲ್ಲ. ಬೂಟಿನ ವಿಷಯದಲ್ಲಿ ನಾನು ಒಂದು ತಪ್ಪು ಮಾಡಿದ್ದೇನೆ. ಆ ತಪ್ಪಿಗೆ ಬೆಲೆ ತೆತ್ತಿದ್ದು ನಾನಲ್ಲ, ನಮ್ಮ ತೋಟದ ಕೆಲಸಕ್ಕೆ ಬರುವ ಅಕ್ಕ. ಆ ಕಥೆಯನ್ನು ಮುಂದೆ ಹೇಳುತ್ತೇನೆ. ಮೊದಲು ಲೆಕ್ಕ.

ಹತ್ತು ವರ್ಷ ಅಂದರೆ ಎಷ್ಟು ಗಂಟೆ?

ಹಂಟಿಂಗ್ ಬೂಟು ಅಂದರೆ ಯುರೋಪ್, ಅಮೆರಿಕದಲ್ಲಿ ಬೇಟೆಗೆ ಹೋಗುವವರು ಹಾಕುವ ಬೂಟು. ನಮ್ಮಲ್ಲಿ 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಬೇಟೆಯೇ ಅಪರಾಧ, ಹಾಗಾಗಿ ಆ ಹೆಸರಿಗೂ ನಮಗೂ ಸಂಬಂಧ ಇಲ್ಲ. ಆದರೆ ಬೂಟಿಗೆ ಸಂಬಂಧ ಇದೆ. ಅವರು ನಡೆಯುವುದೂ ಕೆಸರು, ಹುಲ್ಲು, ಮುಳ್ಳು, ನೀರಿನಲ್ಲೇ. ಮೊಣಕಾಲಿನವರೆಗೆ ಬರುವ ಅವರ ರಬ್ಬರ್ ಬೂಟಿಗೂ ನಮ್ಮ ಗಂಬೂಟಿಗೂ ಮೂಲ ಒಂದೇ. 19ನೇ ಶತಮಾನದ ಮಧ್ಯದಲ್ಲಿ ಚಾರ್ಲ್ಸ್ ಗುಡ್‌ಇಯರ್ ರಬ್ಬರನ್ನು ಗಂಧಕದ ಜೊತೆ ಬೇಯಿಸಿ ಗಟ್ಟಿ ಮಾಡುವ ವಿಧಾನ ಕಂಡುಹಿಡಿದ. ಆಮೇಲೆ 1853ರಲ್ಲಿ ಫ್ರಾನ್ಸಿನಲ್ಲಿ, 1856ರಲ್ಲಿ ಸ್ಕಾಟ್ಲೆಂಡಿನಲ್ಲಿ ರಬ್ಬರ್ ಬೂಟಿನ ಕಂಪನಿಗಳು ಶುರುವಾದವು. ಮರದ ತಳದ ಚಪ್ಪಲಿ ಹಾಕಿಕೊಂಡು ಒದ್ದೆ ಕಾಲಲ್ಲಿ ದುಡಿಯುತ್ತಿದ್ದ ಅಲ್ಲಿನ ರೈತರಿಗೆ ಅದೇ ದೊಡ್ಡ ವಿಷಯವಾಯಿತು.

ಈಗ ಆ ‘ಹತ್ತು ವರ್ಷ’ವನ್ನು ಬಿಡಿಸಿ ನೋಡೋಣ. ಒಬ್ಬ ಹವ್ಯಾಸಿ ಬೇಟೆಗಾರ ವರ್ಷಕ್ಕೆ 25 ದಿನ ಕಾಡಿಗೆ ಹೋಗುತ್ತಾನೆ, ದಿನಕ್ಕೆ 6 ಗಂಟೆ ಬೂಟು ಹಾಕಿರುತ್ತಾನೆ ಅಂತ ಇಟ್ಟುಕೊಳ್ಳಿ. ವರ್ಷಕ್ಕೆ 150 ಗಂಟೆ. ಹತ್ತು ವರ್ಷಕ್ಕೆ 1,500 ಗಂಟೆ.

ನಮ್ಮ ಲೆಕ್ಕ ಹೇಗಿದೆ? ನಾನು ಮಲೆನಾಡಿನ ತೋಟಗಾರ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತಿಂಗಳಿಗೆ 25 ದಿನ, ದಿನಕ್ಕೆ 6 ಗಂಟೆ ಬೂಟಿನಲ್ಲೇ ಇರುತ್ತೇನೆ. ಅಲ್ಲಿಗೆ 600 ಗಂಟೆ. ಉಳಿದ ಎಂಟು ತಿಂಗಳು ತಿಂಗಳಿಗೆ 20 ದಿನ, ದಿನಕ್ಕೆ 4 ಗಂಟೆ ಹಿಡಿದರೆ 640 ಗಂಟೆ. ಒಟ್ಟು ವರ್ಷಕ್ಕೆ 1,240 ಗಂಟೆ. ಅಂದರೆ ಅವನ ಹತ್ತು ವರ್ಷ ನಮಗೆ ಸುಮಾರು ಒಂದು ವರ್ಷ ಎರಡು ಮೂರು ತಿಂಗಳು, ಅಷ್ಟೇ.

ಇದು ಬೂಟಿನ ದೋಷ ಅಲ್ಲ. ಜಾಹೀರಾತಿನಲ್ಲಿ ಹೇಳಿದ್ದು ಸುಳ್ಳೂ ಇರಲಿಕ್ಕಿಲ್ಲ. ಆದರೆ ಆ ಮಾತು ನಮ್ಮನ್ನು ನೋಡಿ ಹೇಳಿದ್ದಲ್ಲ. ಯಾವುದೇ ಬೂಟಿನ ಬಗ್ಗೆ ‘ಇಷ್ಟು ವರ್ಷ ಬರ್ತದೆ’ ಅಂತ ಯಾರಾದರೂ ಹೇಳಿದರೆ, ‘ದಿನಕ್ಕೆ ಎಷ್ಟು ಗಂಟೆ ಹಾಕಿದ್ರೆ?’ ಅಂತ ತಿರುಗಿ ಕೇಳಿ. ಟ್ರ್ಯಾಕ್ಟರನ್ನು ನಾವು ಗಂಟೆಯಲ್ಲೇ ಅಳೆಯುತ್ತೇವೆ ಅಲ್ವಾ? ಕಾಲಿಗೂ ಅದೇ ನ್ಯಾಯ.

ನಮ್ಮ ಮನೆಯ ಮೂರು ಜೊತೆ

ಕೆಲವು ವರ್ಷಗಳಿಂದ ನಾನು ಬೂಟು ತಂದ ದಿನವೇ ಒಳಗಿನ ಬಟ್ಟೆಯ ಮೇಲೆ ಮಾರ್ಕರ್ ಪೆನ್ನಿನಲ್ಲಿ ತಾರೀಖು ಬರೆಯುತ್ತೇನೆ. ನಮ್ಮಮ್ಮ ಉಪ್ಪಿನಕಾಯಿ ಭರಣಿಗೆ ಚೀಟಿ ಅಂಟಿಸಿದ ಹಾಗೆ. ಆ ತಾರೀಖುಗಳಿಂದ ಸಿಕ್ಕಿದ ಲೆಕ್ಕ ಇದು. ಸಂಶೋಧನೆ ಅಲ್ಲ, ಒಂದು ಮನೆಯ ಅನುಭವ.

ಮೊದಲ ಜೊತೆ ಪಿವಿಸಿ ಗಂಬೂಟು, 450 ರೂಪಾಯಿ. ಜೂನ್‌ನಲ್ಲಿ ಶುರುಮಾಡಿದ್ದು ಜನವರಿ ಕೊನೆಗೆ ಬೆರಳು ಮಡಚುವ ಜಾಗದಲ್ಲಿ ಸೀಳಿತು. ಎಂಟು ತಿಂಗಳು, ಸುಮಾರು 920 ಗಂಟೆ. ಗಂಟೆಗೆ 49 ಪೈಸೆ.

ಎರಡನೆಯದು ನೈಸರ್ಗಿಕ ರಬ್ಬರಿನದು, 1,500 ರೂಪಾಯಿ. ಎರಡು ವರ್ಷ ನಾಲ್ಕು ತಿಂಗಳು ಬಂತು, ಅಂದರೆ ಮೂರು ಮಳೆಗಾಲ. ಸುಮಾರು 3,080 ಗಂಟೆ. ಗಂಟೆಗೆ ಅದೂ 49 ಪೈಸೆ!

ನನಗೇ ಆಶ್ಚರ್ಯ ಆಯ್ತು. ‘ಒಳ್ಳೇದು ತಗೊಂಡ್ರೆ ಉಳಿತಾಯ’ ಅಂತ ನಾನೂ ಊರೆಲ್ಲ ಹೇಳಿಕೊಂಡು ತಿರುಗಿದವನೇ. ದುಡ್ಡಿನ ಲೆಕ್ಕದಲ್ಲಿ ಅಂಥಾ ಉಳಿತಾಯವೇನೂ ಕಾಣಲಿಲ್ಲ. ಆದರೆ ರಬ್ಬರ್ ಬೂಟು ಚಳಿಯಲ್ಲೂ ಮೆತ್ತಗಿತ್ತು, ಪಾಚಿ ಹಿಡಿದ ಕಲ್ಲಿನ ಮೇಲೆ ಜಾರಲಿಲ್ಲ, ಸಂಜೆ ಹಿಮ್ಮಡಿ ನೋಯಲಿಲ್ಲ. ಹಾಗಾಗಿ ಅದನ್ನು ಹಾಕಿಕೊಳ್ಳಲು ಬೇಜಾರಾಗಲಿಲ್ಲ. ನನ್ನ ಪ್ರಕಾರ ಒಳ್ಳೆಯ ಬೂಟಿನ ನಿಜವಾದ ಲಾಭ ಇದೇ. ಅದು ಕಾಲಿನಲ್ಲಿ ಇರುತ್ತದೆ, ಗೂಟಕ್ಕೆ ನೇತುಹಾಕಿಕೊಂಡು ಇರುವುದಿಲ್ಲ.

ಮೂರನೆಯದು ನನ್ನ ಶೋಕಿ. ಪಾದಗಂಟಿನವರೆಗೆ ಬರುವ ಚರ್ಮದ ಬೂಟು, 2,800 ರೂಪಾಯಿ. ಬೇಸಗೆಯಲ್ಲಿ ಬೆಟ್ಟ ಹತ್ತಲು, ದೂರದ ತೋಟ ನೋಡಲು ಹಾಕುವುದು ಅಂತ ಜೋಪಾನ ಮಾಡಿ ಇಟ್ಟೆ. ನಾಲ್ಕು ವರ್ಷದಲ್ಲಿ 400 ಗಂಟೆ ಹಾಕಿದ್ದರೆ ಹೆಚ್ಚು. ಒಂದು ದಿನ ಡಬ್ಬದಿಂದ ತೆಗೆದು ಹಾಕಿಕೊಂಡು ಹತ್ತು ಹೆಜ್ಜೆ ನಡೆದಿರಬೇಕು, ತಳ ಒಣಗಿದ ರೊಟ್ಟಿಯ ಹಾಗೆ ಪುಡಿಪುಡಿಯಾಗಿ ಉದುರಿತು. ಮೇಲಿನ ಚರ್ಮ ಮಾತ್ರ ಹೊಸದರ ಹಾಗೇ ಇತ್ತು. ಗಂಟೆಗೆ 7 ರೂಪಾಯಿ ಬಿತ್ತು.

ಆ 18,000 ರೂಪಾಯಿಯ ಬೂಟು ನನ್ನ ರಬ್ಬರ್ ಬೂಟಿನಷ್ಟೇ, 3,000 ಗಂಟೆ ಬಾಳಿದರೂ ಗಂಟೆಗೆ 6 ರೂಪಾಯಿ. ಹುಡುಗನಿಗೆ ‘ಬೇಡ’ ಅಂದಿದ್ದು ಇದಕ್ಕೆ.

ಒಂದೊಂದು ಬೂಟು ಒಂದೊಂದು ರೀತಿ ಸಾಯುತ್ತದೆ

ಆ ಚರ್ಮದ ಬೂಟಿಗೆ ಏನಾಯಿತು ಅಂತ ತಿಳಿದುಕೊಂಡರೆ ಉಳಿದದ್ದೂ ಅರ್ಥವಾಗುತ್ತದೆ. ಅದರ ತಳ ಪಾಲಿಯುರಿಥೇನ್ ಎಂಬ ಹಗುರ ಫೋಮಿನದ್ದು. ಗಾಳಿಯ ತೇವವೇ ಅದನ್ನು ನಿಧಾನಕ್ಕೆ ಒಡೆಯುತ್ತದೆ. ಬಳಸಿದರೂ ಒಡೆಯುತ್ತದೆ, ಬಳಸದಿದ್ದರೂ ಒಡೆಯುತ್ತದೆ. ತೇವ, ಸೆಕೆ ಎರಡೂ ಇರುವ ಕರಾವಳಿ, ಮಲೆನಾಡಿನಲ್ಲಿ ಇನ್ನೂ ಬೇಗ. ಪೆಟ್ಟಿಗೆಯಲ್ಲಿ ಕಟ್ಟಿ ಇಟ್ಟರಂತೂ ಕೇಳುವುದೇ ಬೇಡ. ಆದ್ದರಿಂದ ಇಂಥ ಬೂಟನ್ನು ‘ಜೋಪಾನ’ ಮಾಡಬಾರದು, ಹಾಕಿ ಸವೆಸಬೇಕು. ಕೊಳ್ಳುವಾಗ ಹಳೇ ಸ್ಟಾಕ್ ರಿಯಾಯಿತಿಯಲ್ಲಿ ಸಿಕ್ಕಿತು ಅಂತ ಹಿಗ್ಗಬೇಡಿ, ತಯಾರಾದ ತಿಂಗಳು, ವರ್ಷ ನೋಡಿ. ತಳ ರಬ್ಬರಿನದಾ ಅಂತ ಕೇಳಿ.

ಪಿವಿಸಿ ಮೂಲದಲ್ಲಿ ಗಡಸು ವಸ್ತು. ನಮ್ಮ ನೀರಿನ ಪೈಪು ಅದರದ್ದೇ. ಬೂಟು ಮೆತ್ತಗಿರಲಿ ಅಂತ ಅದಕ್ಕೆ ಎಣ್ಣೆಯಂಥ ಮೆದುಕಾರಿ ಸೇರಿಸಿರುತ್ತಾರೆ. ಬಿಸಿಲು, ಸೆಕೆ, ಪೆಟ್ರೋಲು ತಾಗಿದ ಹಾಗೆ ಆ ಮೆದುಕಾರಿ ಹೊರಗೆ ಹೋಗುತ್ತದೆ. ಬೂಟು ಮತ್ತೆ ಪೈಪಿನ ಗುಣಕ್ಕೆ ಮರಳುತ್ತದೆ. ಗಟ್ಟಿಯಾಗಿ, ಮಡಿಕೆ ಬೀಳುವ ಜಾಗದಲ್ಲಿ ಸೀಳುತ್ತದೆ.

ನೈಸರ್ಗಿಕ ರಬ್ಬರಿಗೆ ಬಿಸಿಲು, ಎಣ್ಣೆ, ಡೀಸೆಲ್, ಪೆಟ್ರೋಲ್ ಎಲ್ಲವೂ ವೈರಿಗಳೇ. ಕಳೆ ಕತ್ತರಿಸುವ ಯಂತ್ರಕ್ಕೆ ಪೆಟ್ರೋಲ್ ಹಾಕುವಾಗ ಬೂಟಿನ ಮೇಲೆ ಚೆಲ್ಲಿಕೊಂಡರೆ ಆ ಜಾಗ ಉಬ್ಬಿ ಜಿಗುಟಾಗುತ್ತದೆ. ಅಡಿಕೆಯವರಿಗೆ ಗೊತ್ತಿರಬೇಕಾದ ಇನ್ನೊಂದು ವೈರಿ ತಾಮ್ರ. ತಾಮ್ರದ ಅಂಶ ರಬ್ಬರನ್ನು ಬೇಗ ಮುದಿಯಾಗಿಸುತ್ತದೆ ಅನ್ನುವುದು ರಬ್ಬರ್ ಉದ್ಯಮಕ್ಕೆ ಹಳೆಯ ವಿಷಯ. ನಾವು ಕೊಳೆರೋಗಕ್ಕೆ ಹೊಡೆಯುವ ಶೇ. 1ರ ಬೋರ್ಡೋ ದ್ರಾವಣದಲ್ಲಿ 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ ಇರುತ್ತದೆ. ಮೈಲುತುತ್ತ ಅಂದರೆ ತಾಮ್ರದ ಉಪ್ಪು. ಔಷಧಿ ಹೊಡೆದ ದಿನ ಬೂಟಿನ ಮೇಲೆ ನೀಲಿ ಪದರ ಕೂತಿರುತ್ತದೆ. ಅದನ್ನು ಹಾಗೇ ಬಿಟ್ಟು ಮಲಗಬೇಡಿ.

ಹೊಸ ರಬ್ಬರ್ ಬೂಟಿನ ಮೇಲೆ ಬಿಳಿ ಪುಡಿ ಕಂಡರೆ ಹೆದರುವುದೂ ಬೇಡ. ಬೂಸ್ಟು ಅಂದುಕೊಂಡು ನಾನು ಅಂಗಡಿಯವರ ಹತ್ತಿರ ಜಗಳಕ್ಕೇ ಹೋಗಿದ್ದೆ. ರಬ್ಬರಿನೊಳಗಿನ ಮೇಣ, ಗಂಧಕದಂಥ ಅಂಶ ಹೊರಗೆ ಬರುವುದು ಅದು. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಹೋಗುತ್ತದೆ.

ಕೊಳ್ಳುವಾಗ ಐಎಸ್‌ಐ ಗುರುತು ನೋಡಿ. ಕೆಲಸದ ರಬ್ಬರ್ ಬೂಟಿಗೆ ಐಎಸ್ 5557, ಪಿವಿಸಿ ಬೂಟಿಗೆ ಐಎಸ್ 12254 ಎಂಬ ಮಾನದಂಡಗಳಿವೆ. ಸಂಜೆ ಹೊತ್ತು, ದಪ್ಪ ಕಾಲುಚೀಲ ಹಾಕಿಕೊಂಡೇ ಅಳತೆ ನೋಡಿ. ಸಂಜೆಗೆ ಪಾದ ಸ್ವಲ್ಪ ಊದಿರುತ್ತದೆ. ಬೆರಳು ಮುಂದಕ್ಕೆ ತಾಗಿಸಿ ನಿಂತಾಗ ಹಿಮ್ಮಡಿಯ ಹಿಂದೆ ಒಂದು ಬೆರಳು ಹಿಡಿಸಬೇಕು. ತಳದ ಗೀರುಗಳು ಆಳವಾಗಿ, ದೂರ ದೂರ ಇರಲಿ. ಹತ್ತಿರ ಇದ್ದರೆ ಜಿಗುಟು ಮಣ್ಣು ಕೂತು ತಳ ನುಣ್ಣಗಾಗುತ್ತದೆ.

ಆ ದಿನ

ಈಗ ಹೇಳುತ್ತೇನೆ ಅಂದ ಕಥೆ.

ಮೂರು ಮಳೆಗಾಲದ ಹಿಂದೆ. ನಮ್ಮಲ್ಲಿ ಕೆಲಸಕ್ಕೆ ಬರುವ ಅಕ್ಕನಿಗೆ ಹಿಂದಿನ ವರ್ಷ ಒಂದು ಜೊತೆ ಪಿವಿಸಿ ಬೂಟು ಕೊಡಿಸಿದ್ದೆ. ಹೆಂಗಸರ ಅಳತೆ ಪೇಟೆಯಲ್ಲಿ ಸಿಗಲಿಲ್ಲ, ಗಂಡಸರ 6ನೇ ನಂಬರನ್ನೇ ಕೊಟ್ಟಿದ್ದೆ. ದೊಡ್ಡದಾಗಿತ್ತು. ಆ ವರ್ಷ ಆಷಾಢದ ಹೊತ್ತಿಗೆ ಬಲಗಾಲಿನದು ಮಡಿಕೆಯಲ್ಲಿ ಸೀಳಿತು. ‘ತಮ್ಮಾ, ಬೂಟಿಗೆ ನೀರು ನುಗ್ತದೆ’ ಅಂದರು. ‘ಕೊಯ್ಲು ಮುಗೀಲಿ ಅಕ್ಕ, ಹೊಸದು ತರ್ತೇನೆ’ ಅಂದೆ.

ನೀರು ತುಂಬಿದ ಬೂಟು ಬರಿಗಾಲಿಗಿಂತ ಕಷ್ಟ. ಒಂದು ವಾರದಲ್ಲಿ ಬೆರಳ ಸಂದಿ ಬೆಂದು ಹುಣ್ಣಾಯಿತು. ಅವರು ಬೂಟನ್ನು ಕೊಟ್ಟಿಗೆಯ ಗೂಟಕ್ಕೆ ನೇತುಹಾಕಿ ಹವಾಯಿ ಚಪ್ಪಲಿಯಲ್ಲಿ ಬರಲು ಶುರುಮಾಡಿದರು. ನಾನು ನೋಡಿದೆ. ದಿನಾ ನೋಡಿದೆ. ನನ್ನ ಕಾಲಲ್ಲಿ ಮಾತ್ರ 1,500 ರೂಪಾಯಿಯ ರಬ್ಬರ್ ಬೂಟು ಇತ್ತು.

ಒಂದು ಬೆಳಿಗ್ಗೆ, ಮಂಜು ಇನ್ನೂ ಇಳಿದಿರಲಿಲ್ಲ, ಉದುರಿದ ಕಾಯಿ ಹೆಕ್ಕುತ್ತಿದ್ದರು. ಬಿದ್ದ ಸೋಗೆಯ ಅಡಿಯಲ್ಲಿ ಕೊಳಕುಮಂಡಲ ಇತ್ತು. ಪಾದದ ಮೇಲ್ಭಾಗಕ್ಕೆ, ಗಂಟಿಗಿಂತ ಎರಡು ಬೆರಳು ಕೆಳಗೆ ಕಚ್ಚಿತು. ಬೂಟು ಇದ್ದಿದ್ದರೆ ಅಲ್ಲಿ ಬರಿ ಚರ್ಮ ಇರುತ್ತಿರಲಿಲ್ಲ.

ಪಕ್ಕದ ಮನೆಯ ಜೀಪು ಇತ್ತು, ಅದು ನಮ್ಮ ಪುಣ್ಯ. ಮುಕ್ಕಾಲು ಗಂಟೆಯಲ್ಲಿ ತಾಲ್ಲೂಕು ಆಸ್ಪತ್ರೆ, ಅಲ್ಲಿ ವಿಷನಿರೋಧಕ ಔಷಧಿ, ಆಮೇಲೆ ಜಿಲ್ಲಾ ಆಸ್ಪತ್ರೆ. ಜೀವ ಉಳಿಯಿತು. ಆದರೆ ಪಾದದ ಗಾಯ ಮಾಗಲು ನಾಲ್ಕು ತಿಂಗಳು ಬೇಕಾಯಿತು. ಆ ವರ್ಷ ಅವರ ಮಗಳು ಕಾಲೇಜಿಗೆ ಸೇರಬೇಕಿತ್ತು, ಸೇರಲಿಲ್ಲ. ಮರುವರ್ಷ ಸೇರಿದಳು. ಆಸ್ಪತ್ರೆಯ ಖರ್ಚು ನಾನು ಕೊಟ್ಟೆ. ಆ ಒಂದು ವರ್ಷವನ್ನು ಕೊಡಲು ನನ್ನಿಂದ ಆಗಲಿಲ್ಲ.

ನಾನು ಉಳಿಸಲು ಹೋಗಿದ್ದು 450 ರೂಪಾಯಿ. ಅದು ಅವರ ಒಂದು ದಿನದ ಕೂಲಿಗಿಂತ ಕಡಿಮೆ.

ಗುಣವಾಗಿ ಬಂದ ಮೇಲೆ ಅವರು ನನ್ನನ್ನು ಒಂದು ಮಾತೂ ಆಡಲಿಲ್ಲ. ‘ನನ್ನ ಹಣೇಬರಹ ತಮ್ಮಾ’ ಅಂದರು. ಹಣೇಬರಹ ಅಲ್ಲ ಅಂತ ನನಗೆ ಗೊತ್ತಿತ್ತು. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ಇದು ನಮ್ಮ ಮನೆಯೊಂದರ ಕಥೆ ಅಲ್ಲ. 2000ದಿಂದ 2019ರವರೆಗೆ ಭಾರತದಲ್ಲಿ ಹಾವು ಕಡಿದು ಸತ್ತವರು ಸುಮಾರು 12 ಲಕ್ಷ, ವರ್ಷಕ್ಕೆ ಸರಾಸರಿ 58,000 ಅಂತ 2020ರಲ್ಲಿ ಪ್ರಕಟವಾದ ಅಧ್ಯಯನ ಅಂದಾಜು ಮಾಡಿದೆ. ಅರ್ಧದಷ್ಟು ಸಾವು ಜೂನ್‌ನಿಂದ ಸೆಪ್ಟೆಂಬರ್ ನಡುವೆ, ಅಂದರೆ ನಾವು ಹೊಲ, ಗದ್ದೆ, ತೋಟದಲ್ಲಿ ಬಗ್ಗಿ ದುಡಿಯುವ ತಿಂಗಳುಗಳಲ್ಲೇ. ಕರ್ನಾಟಕ ಸರ್ಕಾರ 2024ರಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣ ಅಂತ ಘೋಷಿಸಿತು. ಲೆಕ್ಕ ಇಡುವುದು ಒಳ್ಳೆಯದೇ. ಆದರೆ ಆ ಲೆಕ್ಕದಲ್ಲಿ ನಮ್ಮವರ ಹೆಸರು ಸೇರದ ಹಾಗೆ ನೋಡಿಕೊಳ್ಳುವುದು ನಮ್ಮ ಕೆಲಸ.

ಬೂಟು ಕವಚ ಅಲ್ಲ, ಹಾವಿನ ಹಲ್ಲು ದಾಟುವುದೇ ಇಲ್ಲ ಅಂತ ನಾನು ಹೇಳುವುದಿಲ್ಲ. ಕೈಗೆ ಕಚ್ಚಿದರೆ, ಮಲಗಿದಲ್ಲಿ ಕಟ್ಟುಹಾವು ಕಚ್ಚಿದರೆ ಬೂಟು ಏನೂ ಮಾಡಲಾರದು. ಆದರೆ ತೋಟದಲ್ಲಿ ಹೆಚ್ಚಾಗಿ ಕಚ್ಚುವುದು ಪಾದಕ್ಕೆ, ಮೀನಖಂಡಕ್ಕೆ. ಅಲ್ಲಿ ದಪ್ಪ ರಬ್ಬರು, ಅದರೊಳಗೆ ಒಂದಿಷ್ಟು ಖಾಲಿ ಜಾಗ ಇದ್ದರೆ ಫಲಿತಾಂಶ ಬೇರೆಯಾಗಬಹುದು. ಕಚ್ಚಿದರೆ ಕಟ್ಟಬೇಡಿ, ಕುಯ್ಯಬೇಡಿ, ಚೀಪಬೇಡಿ. ಕಾಲುಂಗುರ, ಗೆಜ್ಜೆ ತೆಗೆಯಿರಿ. ಕಚ್ಚಿದ ಕಾಲು ಅಲ್ಲಾಡದ ಹಾಗೆ ಇಟ್ಟು, ವಿಷನಿರೋಧಕ ಇರುವ ಆಸ್ಪತ್ರೆಗೆ ನೇರ ಹೋಗಿ, 108ಕ್ಕೆ ಫೋನ್ ಮಾಡಿ.

ಹಾವೊಂದೇ ಅಲ್ಲ. ಇಲಿ ಜ್ವರದ ರೋಗಾಣು ಇಲಿಯ ಮೂತ್ರ ಬೆರೆತ ನೀರಿನಿಂದ, ಕಾಲಿನ ಸಣ್ಣ ಗಾಯದ ಮೂಲಕ ಒಳಗೆ ಬರುತ್ತದೆ. ಬೇಸಗೆಯಲ್ಲಿ ಸೊಪ್ಪು, ದರಗು ತರಲು ಕಾಡಿಗೆ ಹೋಗುವವರಿಗೆ ಮಂಗನ ಕಾಯಿಲೆ ಹರಡುವ ಉಣ್ಣೆಯ ಭಯ. 1957ರಲ್ಲಿ ಆ ಕಾಯಿಲೆ ಮೊದಲು ಪತ್ತೆಯಾಗಿದ್ದು ನಮ್ಮದೇ ಸೊರಬ ತಾಲ್ಲೂಕಿನ ಕ್ಯಾಸನೂರಿನ ಕಾಡಿನಲ್ಲಿ. ಪ್ಯಾಂಟನ್ನು ಬೂಟಿನೊಳಗೆ ಸೇರಿಸಿ, ಆರೋಗ್ಯ ಇಲಾಖೆ ಕೊಡುವ ಎಣ್ಣೆ ಹಚ್ಚಿಕೊಂಡರೆ ಉಣ್ಣೆ ಹತ್ತುವುದು ಕಡಿಮೆಯಾಗುತ್ತದೆ.

ಸಂಜೆಯ ಐದು ನಿಮಿಷ

ಬೂಟಿನ ಆಯಸ್ಸು ಅರ್ಧ ಕಂಪನಿಯ ಕೈಯಲ್ಲಿ, ಅರ್ಧ ನಮ್ಮ ಜಗಲಿಯಲ್ಲಿ. ನಮ್ಮ ಭಾವನೂ ನಾನೂ ಒಂದೇ ದಿನ, ಒಂದೇ ಅಂಗಡಿಯಲ್ಲಿ ಒಂದೇ ಥರದ ರಬ್ಬರ್ ಬೂಟು ತಂದಿದ್ದೆವು. ಅವನದು ಜೀಪಿನ ಹಿಂದೆ, ಡೀಸೆಲ್ ಕ್ಯಾನಿನ ಪಕ್ಕ, ಬಿಸಿಲಲ್ಲಿ ಬಿದ್ದಿರುತ್ತಿತ್ತು. ಒಂದೇ ವರ್ಷಕ್ಕೆ ಬಿರುಕು ಬಿಟ್ಟಿತು. ನಾನು ಮಾಡಿದ್ದು ಇಷ್ಟೇ:

ಸಂಜೆ ಬಂದ ಕೂಡಲೇ ಬರಿ ನೀರಿನಲ್ಲಿ ತೊಳೆಯುವುದು. ಸಗಣಿ, ಜೀವಾಮೃತ, ಬೋರ್ಡೋ ಯಾವುದೂ ರಾತ್ರಿ ಉಳಿಯಬಾರದು. ಪೆಟ್ರೋಲ್, ಡೀಸೆಲ್ ತಾಗಿದ್ದರೆ ಸೋಪು ಹಾಕಿ ಉಜ್ಜುವುದು.

ನೆರಳಿನಲ್ಲಿ, ಎರಡು ಗೂಟಕ್ಕೆ ತಲೆಕೆಳಗಾಗಿ ಸಿಕ್ಕಿಸುವುದು. ಒಳಗೆ ಒದ್ದೆಯಾಗಿದ್ದರೆ ಹಳೇ ಪೇಪರ್ ಉಂಡೆ ಮಾಡಿ ತುರುಕುವುದು. ಬಚ್ಚಲೊಲೆಯ ಹತ್ತಿರ ಒಣಗಿಸುವ ಚಾಳಿ ನಮ್ಮ ಮಲೆನಾಡಿನವರಿಗೆಲ್ಲ ಇದೆ. ಮಳೆಗಾಲದಲ್ಲಿ ಬೇರೆ ದಾರಿ ಏನು ಅಂತ ಕೇಳುತ್ತೀರಿ. ಬಟ್ಟೆ ಒಣಗಿಸಿ, ಬೂಟು ಬೇಡ. ಆ ಶಾಖ ಒಂದು ತಿಂಗಳಲ್ಲಿ ವರ್ಷದ ಮುಪ್ಪು ತರುತ್ತದೆ.

ಮೇಲಿನ ಭಾಗ ಮಡಚಿ ಮೂಲೆಗೆ ಒಗೆಯಬಾರದು. ಮಡಿಕೆ ಬಿದ್ದಲ್ಲೇ ಮೊದಲು ಬಿರುಕು.

ಬೆಳಿಗ್ಗೆ ಹಾಕುವ ಮುಂಚೆ ಕೊಡವಿ, ನೆಲಕ್ಕೆ ಬಡಿಯುವುದು. ಚೇಳು, ಜರಿ, ಮರಿ ಹಾವು ಯಾವುದಕ್ಕೂ ಬೂಟು ಬೆಚ್ಚನೆಯ ಮನೆ. ಬೂಟಿನಿಂದಲೇ ಕಚ್ಚಿಸಿಕೊಂಡರೆ ಅದಕ್ಕಿಂತ ಅನ್ಯಾಯ ಇಲ್ಲ.

ಎರಡು ಮೂರು ಜೊತೆ ಹತ್ತಿಯ ಕಾಲುಚೀಲ ಇಟ್ಟುಕೊಂಡು ದಿನಾ ಬದಲಿಸುವುದು. ಬೆರಳ ಸಂದಿ ಒಣಗಿಯೇ ಬೂಟು ಹಾಕುವುದು.

ಸಣ್ಣ ತೂತಾದರೆ ರಬ್ಬರ್ ಬೂಟಿಗೆ ಸೈಕಲ್ ಪಂಕ್ಚರ್ ಪ್ಯಾಚ್ ಚೆನ್ನಾಗಿ ಹಿಡಿಯುತ್ತದೆ. ಉಪ್ಪು ಕಾಗದದಲ್ಲಿ ಉಜ್ಜಿ, ಸೊಲ್ಯೂಷನ್ ಹಚ್ಚಿ, ಒತ್ತಿ, ಒಂದು ರಾತ್ರಿ ಬಿಡಿ. ಪಿವಿಸಿಗೆ ಇದು ಹಿಡಿಯುವುದಿಲ್ಲ. ಪೈಪಿನ ಗಮ್ ಹಚ್ಚಿದರೆ ಒಣಗಿ ಗಡಸಾಗಿ, ಮಡಚಿದಾಗ ಮತ್ತೆ ಬಿಡುತ್ತದೆ.

ಯಾವಾಗ ಬಿಡಬೇಕು

ನನ್ನ ಮುಖ್ಯ ವಾದ ಇದು. ಬೂಟು ಹರಿದು ಚಿಂದಿಯಾದಾಗ ಅದರ ಆಯಸ್ಸು ಮುಗಿಯುವುದಲ್ಲ. ಹಾಕಿಕೊಳ್ಳುವವರು ಅದನ್ನು ಹಾಕಿಕೊಳ್ಳುವುದು ಬಿಟ್ಟ ದಿನವೇ ಮುಗಿಯಿತು. ಆ ಅಕ್ಕನ ಬೂಟು ಗೂಟದಲ್ಲಿ ನೋಡಲು ಚೆನ್ನಾಗಿಯೇ ಇತ್ತು.

ತಿಂಗಳಿಗೊಮ್ಮೆ ಮೂರು ಪರೀಕ್ಷೆ ಮಾಡಿ. ಒಂದು, ಬೆಳಕಿಗೆ ಹಿಡಿದು ಬೆರಳು ಮಡಚುವ ಜಾಗ, ಹಿಮ್ಮಡಿಯ ಹಿಂಭಾಗ ಬಗ್ಗಿಸಿ ನೋಡಿ. ಕೂದಲೆಳೆ ಬಿರುಕು ಕಂಡರೆ ಹೊಸದಕ್ಕೆ ದುಡ್ಡು ಎತ್ತಿಡಿ. ಎರಡು, ಬಕೆಟ್ ನೀರಿನಲ್ಲಿ ಪಾದ ಮುಳುಗಿಸಿ ಐದು ನಿಮಿಷ ನಿಲ್ಲಿ, ಕಾಲುಚೀಲ ಒದ್ದೆಯಾಯಿತಾ ನೋಡಿ. ಮೂರು, ತಳದ ಗೀರು ಸವೆದು ನುಣ್ಣಗಾಗಿದೆಯಾ ನೋಡಿ. ಗೀರು ಹೋದ ಬೂಟು ತೂತಿಲ್ಲದಿದ್ದರೂ ಸತ್ತ ಹಾಗೆಯೇ. ಪಾಚಿ ಹಿಡಿದ ತೋಟದ ಸಂಕದ ಮೇಲೆ ಜಾರಿದರೆ ಸೊಂಟ ಹೋಗುತ್ತದೆ.

ಬಿಟ್ಟ ಪಿವಿಸಿ ಬೂಟನ್ನು ಬಚ್ಚಲೊಲೆಗೆ ಹಾಕಬೇಡಿ. ಅದು ಸುಟ್ಟರೆ ಬರುವುದು ವಿಷದ ಹೊಗೆ. ನಾವು ಸಾವಯವದವರು ಮಣ್ಣಿಗೆ ರಾಸಾಯನಿಕ ಹಾಕುವುದಿಲ್ಲ ಅಂತ ಎದೆ ತಟ್ಟಿಕೊಂಡು, ಬಚ್ಚಲಲ್ಲಿ ಪ್ಲಾಸ್ಟಿಕ್ ಸುಟ್ಟು ಮನೆಯವರಿಗೆ ಕುಡಿಸುವುದು ಯಾವ ನ್ಯಾಯ? ಪಂಚಾಯತಿಯ ಒಣಕಸದ ಗಾಡಿಗೆ ಕೊಡಿ.

ಬೂಟು ಯಾರ ಖರ್ಚು?

ನಮ್ಮ ಖರ್ಚಿನ ಪುಸ್ತಕದಲ್ಲಿ ಗೊಬ್ಬರ, ಮೈಲುತುತ್ತ, ಸುಣ್ಣ, ಕೂಲಿ, ಡೀಸೆಲ್ ಎಲ್ಲಕ್ಕೂ ಒಂದೊಂದು ಸಾಲಿದೆ. ಬೂಟಿಗೆ ಇಲ್ಲ. ಅದು ಉಳಿದರೆ ತರುವ ವಸ್ತು, ಕೇಳಿದರೆ ಕೊಡಿಸುವ ಉಪಕಾರ. ಆ ಮನಸ್ಥಿತಿಯೇ ತಪ್ಪು ಅನ್ನುವುದು ನನ್ನ ಅಭಿಪ್ರಾಯ. ಬೂಟು ಬಕ್ಷೀಸು ಅಲ್ಲ, ಕತ್ತಿ, ಹಾರೆ ಇದ್ದ ಹಾಗೆ ತೋಟದ ಸಾಮಾನು. ಕತ್ತಿ ಮೊಂಡಾದರೆ ಅದೇ ದಿನ ಮಸೆಯುತ್ತೇವೆ. ಬೂಟು ಸೀಳಿದರೆ ‘ಕೊಯ್ಲು ಮುಗೀಲಿ’ ಅನ್ನುತ್ತೇವೆ.

ಈಗ ನಮ್ಮಲ್ಲಿ ಖಾಯಂ ಬರುವ ನಾಲ್ಕು ಜನರಿಗೂ ಮೇ ಕೊನೆಯ ವಾರ ಹೊಸ ಜೊತೆ. ಜೊತೆಗೆ ಒಂದು ಹೆಚ್ಚುವರಿ ಜೊತೆ ಕೊಟ್ಟಿಗೆಯಲ್ಲಿ ಇರುತ್ತದೆ. ಎಲ್ಲರನ್ನೂ ಅಂಗಡಿಗೇ ಕರೆದುಕೊಂಡು ಹೋಗುತ್ತೇನೆ, ಅವರ ಕಾಲಿಗೆ ಅವರೇ ನೋಡಿ ತಗೊಳ್ಳುತ್ತಾರೆ. ಹೆಂಗಸರಿಗೆ 4, 5ನೇ ನಂಬರ್ ಬೇಕು ಅಂತ ಏಪ್ರಿಲ್‌ನಲ್ಲೇ ಹೇಳಿಟ್ಟರೆ ಅಂಗಡಿಯವರು ತರಿಸಿಕೊಡುತ್ತಾರೆ. ಮೊದಲ ವರ್ಷ ‘ಒಂದಕ್ಕೆಲ್ಲ ಆಗಲ್ಲ’ ಅಂದರು. ಅಕ್ಕಪಕ್ಕದ ಆರು ಮನೆಯವರು ಸೇರಿ ಹನ್ನೊಂದು ಜೊತೆ ಅಂದಾಗ ಒಂದೇ ವಾರದಲ್ಲಿ ಬಂತು, ಬೆಲೆಯೂ ಇಳಿಯಿತು. ನಿಮ್ಮೂರಿನ ಸ್ವಸಹಾಯ ಸಂಘ, ಸೊಸೈಟಿಯಲ್ಲಿ ಈ ಮಾತು ಎತ್ತಿ ನೋಡಿ.

ಒಪ್ಪದವರಿಗೆ

‘ನಮ್ಮ ಅಜ್ಜ ಬರಿಗಾಲಲ್ಲೇ ದುಡಿದು 80 ವರ್ಷ ಬದುಕಿದ’ ಅಂತ ಹೇಳುವವರಿದ್ದಾರೆ. ನಮ್ಮಜ್ಜನೂ ಹಾಗೇ. ಆದರೆ ನಮ್ಮಜ್ಜನ ತಮ್ಮ ಒಬ್ಬರು ಇದ್ದರಂತೆ, 22ಕ್ಕೆ ಹೋದರಂತೆ, ಗದ್ದೆಯ ಅಂಚಿನಲ್ಲಿ. ಅವರ ಫೋಟೋ ಕೂಡ ಮನೆಯಲ್ಲಿಲ್ಲ. ಬದುಕಿದವರ ಕಥೆ ಮಾತ್ರ ನಮಗೆ ಕೇಳಿಸುತ್ತದೆ.

‘ಕೊನೆಗಾರ ಬೂಟು ಹಾಕಿ ಮರ ಹತ್ತಲಿಕ್ಕೆ ಆಗ್ತದಾ?’ ಅನ್ನುವುದು ನ್ಯಾಯದ ಪ್ರಶ್ನೆ. ಆಗುವುದಿಲ್ಲ. ಕಾಲಿಗೆ ತಳೆ ಹಾಕಿ ಬರಿಗಾಲಲ್ಲೇ ಹತ್ತಬೇಕು. ಅದಕ್ಕೆ ನನ್ನ ಹತ್ತಿರ ಪೂರ್ತಿ ಉತ್ತರ ಇಲ್ಲ. ಕೊಯ್ಲಿನ ಹಿಂದಿನ ದಿನ ಬುಡದ ಕಳೆ ಸವರಿಸುತ್ತೇನೆ, ಬಿದ್ದ ಸೋಗೆ ಎತ್ತಿಸುತ್ತೇನೆ. ಕೆಳಗೆ ಕೊನೆ ಹಿಡಿಯುವವರು, ಹೊರುವವರು, ಹೆಕ್ಕುವವರು ಬೂಟು ಹಾಕಬಹುದಲ್ಲ.

‘ಬಯಲುಸೀಮೆಯ ಬಿಸಿಲಿಗೆ ಗಂಬೂಟು ಹಾಕಿದರೆ ಕಾಲು ಬೇಯುತ್ತದೆ’ ಅಂತಾರೆ. ನಿಜ. ಹಗಲು ದಪ್ಪ ಕ್ಯಾನ್ವಾಸಿನ ಅಥವಾ ಚರ್ಮದ, ಗಂಟು ಮುಚ್ಚುವ ಬೂಟು ಹಾಕಿ. ಆದರೆ ರಾತ್ರಿ ಪಾಳಿಯಲ್ಲಿ ತ್ರೀ ಫೇಸ್ ಕರೆಂಟು ಬಂದಾಗ ನೀರು ಕಟ್ಟಲು ಹೋಗುತ್ತೀರಲ್ಲ, ಆಗ ಬಿಸಿಲಿಲ್ಲ, ಕಣ್ಣೂ ಕಾಣುವುದಿಲ್ಲ. ಒಂದು ಕೈಯಲ್ಲಿ ಟಾರ್ಚ್, ಕಾಲಲ್ಲಿ ಗಂಬೂಟು ಇಲ್ಲದೆ ಬದುವಿಗೆ ಇಳಿಯಬೇಡಿ. ಮೊಬೈಲ್ ಬೆಳಕು ನಂಬಬೇಡಿ, ಫೋನ್ ಬಂದರೆ ಅದು ಕಿವಿಗೆ ಹೋಗುತ್ತದೆ.

ಆ ಹುಡುಗನಿಗೆ ಕೊನೆಗೆ ಹೇಳಿದ್ದು ಇಷ್ಟು: ಆ 18,000ದಲ್ಲಿ ನಿನಗೆ ಒಂದು, ಅಪ್ಪನಿಗೆ ಒಂದು, ಕೆಲಸಕ್ಕೆ ಬರುವ ಮೂವರಿಗೆ ಮೂರು, ಹೀಗೆ ಐದು ಜೊತೆ ಒಳ್ಳೆಯ ರಬ್ಬರ್ ಬೂಟು ತಗೋ. 7,500 ಆಗ್ತದೆ. ಎರಡು ವರ್ಷ ಬಿಟ್ಟು ಇನ್ನೊಂದು ಸಲ ಐದು ಜೊತೆ ತಗೊಂಡರೂ 3,000 ಉಳಿಯುತ್ತದೆ. ಅದರಲ್ಲಿ ಒಂದು ಒಳ್ಳೇ ಟಾರ್ಚು, ಕಾಲುಚೀಲ ಬರ್ತದೆ.

ಎರಡು ದಿನ ಬಿಟ್ಟು ಫೋಟೋ ಕಳಿಸಿದ. ಜಗಲಿಯ ಮೇಲೆ ಸಾಲಾಗಿ ಐದು ಜೊತೆ. ತುದಿಯಲ್ಲಿದ್ದದ್ದು ಸಣ್ಣದು, 4ನೇ ನಂಬರು.

ಈ ಭಾನುವಾರ ನಿಮ್ಮ ಕೊಟ್ಟಿಗೆಯ ಬೂಟುಗಳನ್ನೂ ಒಮ್ಮೆ ಬೆಳಕಿಗೆ ಹಿಡಿದು ನೋಡಿ. ನಿಮ್ಮದನ್ನು ಕೊನೆಗೆ ನೋಡಿ, ಮೊದಲು ಕೆಲಸಕ್ಕೆ ಬರುವವರದ್ದು.